ಎಡೆದೊರೆ ನಾಡಿಗೆ ತಕ್ಕ ಪದವಿ

ನಮ್ಮ ರಾಜ್ಯದ ಪದವಿ ಶಿಕ್ಷಣದ ಕಟ್ಟಡವನ್ನು ಮೂರೇ ವರುಷಗಳ ಅಂತರದಲ್ಲಿ ಎರಡು ಸಲ ಕೆಡವಿ ಕಟ್ಟಿದುದನ್ನು ವಾಚಕರು ಬಲ್ಲರು. ೨೦೨೧ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ ನಾಲ್ಕು ವರುಷಗಳ ಪದವಿಯು ಬಂದಿತು. ವಿಜ್ಞಾನವನ್ನೋದುವವನು ಇತಿಹಾಸವನ್ನೂ, ವಾಣಿಜ್ಯವನ್ನೋದುವವಳು ಸಂಗೀತವನ್ನೂ ಆರಿಸಿಕೊಳ್ಳಬಹುದೆಂದೂ, ಶಾಸ್ತ್ರಶಾಸ್ತ್ರಗಳ ನಡುವಣ ಗೋಡೆಗಳು ಇನ್ನು ಬಿದ್ದುವೆಂದೂ ಆಗ ಸಾರಲಾಯಿತು. ೨೦೨೪ರ ಮೇ ತಿಂಗಳಲ್ಲಿ ಆ ಕ್ರಮವನ್ನು ಬಿಟ್ಟು ಮೂರು ವರುಷಗಳ ಪದವಿಗೆ ಹಿಂದಿರುಗಿದ್ದಾಯಿತು. ಪ್ರೊಫೆಸರ್ ಸುಖದೇವ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗವು ೨೦೨೫ರ ಆಗಸ್ಟಿನಲ್ಲಿ ತನ್ನ ವರದಿಯನ್ನು ಸರ್ಕಾರಕ್ಕೆ ಒಪ್ಪಿಸಿದೆ. ಮೂರು ವರುಷವೋ ನಾಲ್ಕು ವರುಷವೋ ಎಂಬ ವಾದವು ಬೆಂಗಳೂರಿನಲ್ಲಿ ಬಹಳ ನಡೆದಿದೆ. ದೇವದುರ್ಗದ ಕಾಲೇಜಿನಲ್ಲಿ ಕುಳಿತ ವಿದ್ಯಾರ್ಥಿಯು ಆ ವರುಷಗಳಲ್ಲಿ ಏನನ್ನು ಕಲಿಯಬೇಕು, ಕಲಿತು ಏನಾಗಬೇಕು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಪ್ರಕೃತ ನಾವು ಆ ಪ್ರಶ್ನೆಯನ್ನೇ ವಾಚಕರ ಮುಂದಿಡುತ್ತೇವೆ.

ಕೃಷ್ಣೆ ತುಂಗಭದ್ರೆಗಳ ನಡುವಣ ಈ ಸೀಮೆಯನ್ನು ನಮ್ಮ ಹಳೆಯ ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ಇಲ್ಲಿಯ ಉಚ್ಚ ಶಿಕ್ಷಣದ ಕೀಲಿಕೈ ಯಾವಾಗಲೂ ದೂರದ ಊರಿನಲ್ಲಿಯೇ ಇತ್ತು. ನಿಜಾಮರ ಕಾಲದಲ್ಲಿ ಅದು ಹೈದರಾಬಾದಿನಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯ ತರುವಾಯ ಧಾರವಾಡಕ್ಕೆ ಹೋಯಿತು. ೧೯೮೦ರಲ್ಲಿ ಕಲಬುರ್ಗಿಗೆ ಬಂದಿತು. ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳಿಗೆಂದೇ ಬೇರೆ ವಿಶ್ವವಿದ್ಯಾಲಯವು ರಾಯಚೂರಿನ ಹತ್ತಿರದ ಯರಗೇರಾದಲ್ಲಿ ೨೦೨೧ರಲ್ಲಿ ಕಾರ್ಯಾರಂಭ ಮಾಡಿತು. ಅದಕ್ಕೆ ಆದಿಕವಿ ಮಹರ್ಷಿ ವಾಲ್ಮೀಕಿಯ ಹೆಸರನ್ನಿಡುವುದಾಗಿ ಸರ್ಕಾರವು ೨೦೨೪ರಲ್ಲಿ ಸಾರಿತು. ಕೀಲಿಕೈ ಈಗ ನಮ್ಮ ಮನೆಯಲ್ಲಿದೆ. ಹಳೆಯ ಪಠ್ಯಕ್ರಮದ ಮುಖಪುಟದಲ್ಲಿ ಹೊಸ ಹೆಸರನ್ನು ಅಚ್ಚು ಹಾಕಿಸಿದಷ್ಟಕ್ಕೇ ಅದರ ಕೆಲಸವು ಮುಗಿದರೆ, ಮನೆಗೆ ಬಂದ ಕೀಲಿಕೈಯಿಂದ ಪ್ರಯೋಜನವೇನು?

ಹಲವು ಶಾಸ್ತ್ರಗಳನ್ನು ಕೂಡಿಸಿದ ಪದವಿ, ಈಗಿನವರು ಅಂತರ್‌ಶಿಸ್ತೀಯವೆನ್ನುವ ಪದವಿ, ಹೊಸ ಕಾಲದ ಶೋಕಿಯೆಂದು ನಮ್ಮ ಅನೇಕ ಹಿರಿಯ ಅಧ್ಯಾಪಕರು ತಿಳಿದಿದ್ದಾರೆ. ಈ ಜಿಲ್ಲೆಯ ನೆಲವೇ ಅವರಿಗೆ ಬೇರೊಂದು ಪಾಠವನ್ನು ಹೇಳುತ್ತದೆ. ದೇವಾನಾಂಪ್ರಿಯ ಪ್ರಿಯದರ್ಶಿಯೆಂಬ ಅರಸನ ಶಾಸನಗಳನ್ನು ೧೮೩೭ರಲ್ಲಿಯೇ ಜೇಮ್ಸ್ ಪ್ರಿನ್ಸೆಪನು ಓದಿದ್ದನು. ಆದರೆ ಆ ಅರಸನೇ ಅಶೋಕನೆಂದು ಹೆಸರು ಹಿಡಿದು ಹೇಳುವ ಕಲ್ಲು ದೊರೆತಿರಲಿಲ್ಲ. ೧೯೧೫ರಲ್ಲಿ ಅದು ಮಸ್ಕಿಯಲ್ಲಿ ದೊರೆಯಿತು. ಕಂಡವನು ಶಾಸನಪಂಡಿತನಲ್ಲ, ಬಂಗಾರದ ಅದಿರನ್ನು ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರು. ಬಂಡೆಯನ್ನು ನೋಡಬಲ್ಲ ಕಣ್ಣು ಬರಹವನ್ನೂ ಗಮನಿಸಿತು. ಬರಹವನ್ನು ಓದಬಲ್ಲ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಲೋಕಕ್ಕೆ ತಿಳಿಸಿದರು. ಇಬ್ಬರಲ್ಲಿ ಒಬ್ಬನಿಲ್ಲದಿದ್ದರೂ ಆ ಕಲ್ಲು ಕುರಿ ಮೇಯಿಸುವವರ ನೆರಳಾಗಿಯೇ ಉಳಿಯುತ್ತಿತ್ತು.

ನಮ್ಮ ಸೀಮೆಯ ಬೂದಿದಿಬ್ಬಗಳ ವಿಷಯವೂ ಹೀಗೆಯೇ. ಅವು ರಾಕ್ಷಸರ ಚಿತೆಯ ಬೂದಿಯೆಂದು ಜನರು ನಂಬಿದ್ದರು. ಜ್ವಾಲಾಮುಖಿಯ ಕೆಲಸವೆಂದು ಕೆಲವು ವಿದ್ವಾಂಸರೂ, ಕುಲುಮೆಗಳ ಕಿಟ್ಟವೆಂದು ಇನ್ನು ಕೆಲವರೂ ತರ್ಕಿಸಿದರು. ಭೂಗರ್ಭಶಾಸ್ತ್ರಜ್ಞನಾದ ರಾಬರ್ಟ್ ಬ್ರೂಸ್ ಫೂಟನು ಅವು ದನಗಳ ಸೆಗಣಿಯ ಬೂದಿಯಿರಬೇಕೆಂದು ಊಹಿಸಿದನು. ೧೯೫೭ರಲ್ಲಿ ಆಲ್ಚಿನ್ ಎಂಬ ಪುರಾತತ್ತ್ವಜ್ಞರು ಈಗಿನ ತೆಲಂಗಾಣಕ್ಕೆ ಸೇರಿದ ಉಟ್ನೂರಿನಲ್ಲಿ ಅಗೆದು ದನದ ದೊಡ್ಡಿಯ ಗೂಟದ ಕುಳಿಗಳನ್ನೂ ಗೊರಸಿನ ಗುರುತುಗಳನ್ನೂ ತೋರಿಸಿದರು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಸುರಪುರ ಸೀಮೆಯ ಬೂದಿಹಾಳದಲ್ಲಿ ಅನೇಕ ವರುಷ ಅಗೆದು ಆ ದನಗಾಹಿಗಳ ಊರನ್ನೇ ಬಯಲಿಗೆ ತಂದರು. ಈ ಒಂದು ದಿಬ್ಬವನ್ನು ಅರ್ಥಮಾಡಿಕೊಳ್ಳುವುದಕ್ಕೆ ರಸಾಯನಶಾಸ್ತ್ರ, ಭೂಗರ್ಭಶಾಸ್ತ್ರ, ಪಶುಪಾಲನೆ, ಇತಿಹಾಸ ನಾಲ್ಕೂ ಬೇಕಾದುವು. ನಮ್ಮ ಕಾಲೇಜಿನಲ್ಲಿಯಾದರೋ ಇತಿಹಾಸದ ವಿದ್ಯಾರ್ಥಿಯು ರಸಾಯನದ ಕೋಣೆಯ ಬಾಗಿಲನ್ನು ಮೂರು ವರುಷಗಳಲ್ಲಿ ಒಮ್ಮೆಯೂ ತಟ್ಟುವುದಿಲ್ಲ.

ಸತ್ತವರ ಬೂದಿಯ ಮಾತು ಹಾಗಿರಲಿ. ಬದುಕಿರುವವರ ನೀರಿನ ಮಾತಿಗೆ ಬರೋಣ. ತುಂಗಭದ್ರಾ ಅಣೆಕಟ್ಟನ್ನು ಮದ್ರಾಸು ಮತ್ತು ಹೈದರಾಬಾದು ಸರ್ಕಾರಗಳು ೧೯೪೫ರಲ್ಲಿ ಆರಂಭಿಸಿ, ೧೯೫೩ರಲ್ಲಿ ನೀರು ಹರಿಯಿತು. ೨೨೦ ಕಿಲೋಮೀಟರಿಗೂ ಮೀರಿ ಉದ್ದವಾದ ಎಡದಂಡೆಯ ಕಾಲುವೆಯು ಗಂಗಾವತಿ, ಸಿಂಧನೂರುಗಳನ್ನು ದಾಟಿ ಮಾನ್ವಿಗೂ ರಾಯಚೂರಿಗೂ ಬರುತ್ತದೆ. ಅಂದರೆ ಮಾನ್ವಿಯ ರೈತನು ಕಾಲುವೆಯ ಕೆಳಭಾಗದವನು. ಈ ಯೋಜನೆಯನ್ನು ಹಾಕಿದವರು ಹೆಚ್ಚು ನೆಲಕ್ಕೆ ತೆಳುವಾಗಿ ನೀರನ್ನು ಹಂಚಿ ಬರದಿಂದ ಬೆಳೆಯನ್ನು ಕಾಯಬೇಕೆಂದು ಎಣಿಸಿದ್ದರು. ಜೋಳ, ಹತ್ತಿ, ಶೇಂಗಾಗಳಂಥ ಬೆಳೆಗಳನ್ನು ಗೊತ್ತುಮಾಡಿದ್ದರು. ಮೇಲುಭಾಗದಲ್ಲಿ ನೆಲ್ಲು ಬೆಳೆಯಿತು. ನೆಲ್ಲು ನಿಂತ ನೀರನ್ನು ಬೇಡುತ್ತದೆ. ಮೇಲೆ ನಿಂತ ನೀರು ಕೆಳಕ್ಕೆ ಬರಲಾರದು. ಜಲಾಶಯದಲ್ಲಿಯಾದರೋ ಮೊದಲು ೧೩೩ ಟಿಎಂಸಿ ಹಿಡಿಯುತ್ತಿದ್ದ ಜಾಗದಲ್ಲಿ ಹೂಳು ತುಂಬಿ ಸುಮಾರು ೧೦೫ ಟಿಎಂಸಿ ಮಾತ್ರ ಉಳಿದಿದೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ೧೯ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ, ಈ ಇಡೀ ಸೀಮೆಯ ಅನ್ನವು ಎಷ್ಟು ಸಣ್ಣ ಕೊಂಡಿಯಲ್ಲಿ ತೂಗುತ್ತಿದೆಯೆಂಬುದು ಎಲ್ಲರಿಗೂ ಕಂಡಿತು.

ಈಗ ಕೇಳಿರಿ: ಮಾನ್ವಿಯ ಹೊಲಕ್ಕೆ ನೀರೇಕೆ ಬರಲಿಲ್ಲ? ಇಳಿಜಾರು ಸಾಲದು, ಹೂಳು ತುಂಬಿದೆಯೆಂದು ಎಂಜಿನಿಯರು ಹೇಳುವನು. ಗೊತ್ತುಮಾಡಿದ ಬೆಳೆಯನ್ನು ಬಿಟ್ಟು ಬೇರೆಯದನ್ನು ಬೆಳೆದರೆಂದು ಕಾನೂನು ಬಲ್ಲವನು ಹೇಳುವನು. ನೆಲ್ಲಿಗೆ ಸಿಕ್ಕುವ ಬೆಲೆ ಜೋಳಕ್ಕೆ ಸಿಕ್ಕಲಿಲ್ಲವೆಂದು ಅರ್ಥಶಾಸ್ತ್ರಜ್ಞನು ಹೇಳುವನು. ಮೇಲುಭಾಗದಲ್ಲಿ ನೆಲ ಹಿಡಿದವರು ಯಾರು, ಅವರ ಮಾತು ಎಲ್ಲಿ ನಡೆಯುತ್ತದೆಯೆಂದು ರಾಜ್ಯಶಾಸ್ತ್ರಜ್ಞನು ಕೇಳುವನು. ಎರೆಯ ಭೂಮಿಗೆ ಅತಿಯಾಗಿ ನೀರುಣಿಸಿದರೆ ಸವಳು ಜವಳು ಬಾರದಿರುತ್ತದೆಯೇ ಎಂದು ಮಣ್ಣಿನ ಶಾಸ್ತ್ರಜ್ಞನು ಕೇಳುವನು. ಐವರ ಮಾತೂ ನಿಜ. ಐವರಲ್ಲಿ ಒಬ್ಬನ ಮಾತೂ ಪೂರ್ತಿಯಲ್ಲ. ಈ ಐದು ಮಾತುಗಳನ್ನು ಒಂದೇ ತಲೆಯಲ್ಲಿಟ್ಟುಕೊಂಡು ಕಾಲುವೆಯ ದಂಡೆಯ ಮೇಲೆ ನಡೆದವನು ಹಾಲೆಂಡಿನಿಂದ ಬಂದ ಪೀಟರ್ ಮೊಲಿಂಗಾ ಎಂಬ ವಿದ್ವಾಂಸ. ಆತನು ೧೯೯೦ರ ದಶಕದಲ್ಲಿ ನಮ್ಮ ಎಡದಂಡೆಯ ಕಾಲುವೆಯನ್ನು ಅಭ್ಯಸಿಸಿ, ಎಂಜಿನಿಯರಿಂಗನ್ನೂ ಸಮಾಜವನ್ನೂ ರಾಜಕಾರಣವನ್ನೂ ಕೂಡಿಸಿ ದೊಡ್ಡ ಗ್ರಂಥವನ್ನು ಬರೆದನು. ಪರದೇಶದವನಿಗೆ ಆದುದು ಮಾನ್ವಿಯ ಮಗನಿಗೆ ಆಗಬಾರದೇಕೆ? ಬುದ್ಧಿಯಲ್ಲಿ ಕೊರತೆಯೆಂದು ನಾವು ಒಪ್ಪುವುದಿಲ್ಲ. ಅವನಿಗೆ ಹಾಗೆ ನೋಡುವುದನ್ನು ಯಾರೂ ಕಲಿಸಲಿಲ್ಲ.

ದೇವದುರ್ಗದ ಸಂಗತಿ ಇನ್ನೂ ಕಠಿನವಾದುದು. ೨೦೦೨ರಲ್ಲಿ ಡಾಕ್ಟರ್ ಡಿ. ಎಂ. ನಂಜುಂಡಪ್ಪನವರ ಸಮಿತಿಯು ರಾಜ್ಯದ ೧೭೫ ತಾಲ್ಲೂಕುಗಳನ್ನು ೩೫ ಅಳತೆಗೋಲುಗಳಿಂದ ಅಳೆದು, ಅತ್ಯಂತ ಹಿಂದುಳಿದವೆಂದು ೩೯ನ್ನು ಬೇರ್ಪಡಿಸಿತು. ದೇವದುರ್ಗವೂ ಮಾನ್ವಿಯೂ ಆ ಪಟ್ಟಿಯಲ್ಲಿವೆ. ಮಕ್ಕಳ ಅಪೌಷ್ಟಿಕತೆಯ ಸುದ್ದಿಯು ಈ ಜಿಲ್ಲೆಯಿಂದ ಹೊರಟು ನಾಡನ್ನೇ ಕಲಕಿದ ಮೇಲೆ, ಉಚ್ಚ ನ್ಯಾಯಾಲಯದ ಮುಂದಿನ ವಿಚಾರಣೆಯಲ್ಲಿ ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಸಮಿತಿಯು ೨೦೧೨ರಲ್ಲಿ ಏರ್ಪಟ್ಟಿತು. ಕೇಂದ್ರ ಸರ್ಕಾರವು ೨೦೧೮ರಲ್ಲಿ ಆಕಾಂಕ್ಷಿ ಜಿಲ್ಲೆಗಳೆಂದು ಕರ್ನಾಟಕದಿಂದ ಆರಿಸಿದ ಎರಡೂ ನಮ್ಮ ವಿಶ್ವವಿದ್ಯಾಲಯದ ಜಿಲ್ಲೆಗಳೇ: ರಾಯಚೂರು ಮತ್ತು ಯಾದಗಿರಿ. ನಂಜುಂಡಪ್ಪನವರ ೩೫ ಅಳತೆಗೋಲುಗಳನ್ನು ನೋಡಿದರೆ ಅವು ಕೃಷಿ, ಕೈಗಾರಿಕೆ, ರಸ್ತೆ, ಬ್ಯಾಂಕು, ಆಸ್ಪತ್ರೆ, ಶಾಲೆಗಳಿಗೆಲ್ಲ ಹರಡಿಕೊಂಡಿವೆ. ಬಡತನವು ಶಾಸ್ತ್ರದ ಗೋಡೆಗಳನ್ನು ಕೇಳಿ ಬರುವುದಿಲ್ಲ. ತಾಯಿಯು ಗುಳೆ ಹೋದಳು, ಕೂಸಿಗೆ ಹಾಲಿಲ್ಲ, ಬಾವಿಯ ನೀರಿನಲ್ಲಿ ಫ್ಲೋರೈಡು ಇದೆ, ಅಂಗನವಾಡಿಗೆ ಬೀಗ ಬಿದ್ದಿದೆ: ಈ ನಾಲ್ಕೂ ಒಂದೇ ಕೂಸಿನ ಮೈಯಲ್ಲಿ ಸೇರುತ್ತವೆ. ೨೦೨೨ರ ಮೇ ತಿಂಗಳ ಕೊನೆಯಲ್ಲಿ ರಾಯಚೂರು ನಗರದಲ್ಲಿಯೇ ನಳದ ಕೆಟ್ಟ ನೀರನ್ನು ಕುಡಿದು ಜನರು ಆಸ್ಪತ್ರೆಗಳನ್ನು ತುಂಬಿದರು, ಪ್ರಾಣಗಳೂ ಹೋದುವು. ಎರಡು ಹೊಳೆಗಳ ನಡುವಣ ಊರಿನಲ್ಲಿ ಕುಡಿಯುವ ನೀರಿನಿಂದ ಜನರು ಸಾಯುವುದಾದರೆ, ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಹಾಗಾದರೆ ೨೦೨೧ರ ಕ್ರಮವು ಗೋಡೆಗಳನ್ನು ಕೆಡವಲು ಹೊರಟಿತ್ತಲ್ಲ, ಅದೇ ಸಾಕಾಗಿತ್ತಲ್ಲ ಎಂದು ಕೇಳುವವರಿದ್ದಾರೆ. ಆ ಕ್ರಮದ ಉದ್ದೇಶವನ್ನು ನಾವು ಹಳಿಯುವುದಿಲ್ಲ. ಅದರ ರಚನೆಯು ನಮ್ಮ ತಾಲ್ಲೂಕುಗಳಿಗೆ ಒಗ್ಗುವಂಥದಲ್ಲವೆಂದಷ್ಟೇ ಹೇಳುತ್ತೇವೆ. ಅದು ಆಯ್ಕೆಯ ಬುಟ್ಟಿ. ವಿದ್ಯಾರ್ಥಿಯ ಮುಂದೆ ಬುಟ್ಟಿಯನ್ನಿಟ್ಟು, ಇಷ್ಟವಾದುದನ್ನು ಎತ್ತಿಕೋ ಎನ್ನುವ ಕ್ರಮ. ಐವತ್ತು ವಿಭಾಗಗಳಿರುವ ಮಹಾನಗರದ ಕಾಲೇಜಿನಲ್ಲಿ ಬುಟ್ಟಿ ತುಂಬಿರುತ್ತದೆ. ವಿಷಯಕ್ಕೊಬ್ಬರಂತೆ ಅಧ್ಯಾಪಕರಿರುವ, ಅವರಲ್ಲಿಯೂ ಬಹುಮಂದಿ ಅತಿಥಿ ಉಪನ್ಯಾಸಕರೇ ಆಗಿರುವ ತಾಲ್ಲೂಕು ಕಾಲೇಜಿನಲ್ಲಿ, ಆ ವರುಷ ಯಾವ ಅಧ್ಯಾಪಕರಿರುವರೋ ಅವರ ವಿಷಯವೇ ವಿದ್ಯಾರ್ಥಿಯ ಆಯ್ಕೆಯಾಗುತ್ತದೆ. ಮೇಲಾಗಿ, ಎತ್ತಿಕೊಂಡ ವಿಷಯಗಳಿಗೆ ಒಂದಕ್ಕೊಂದು ಸಂಬಂಧವಿರಬೇಕೆಂಬ ನಿರ್ಬಂಧವಿಲ್ಲ. ಅಂಗಡಿಯಿಂದ ಅಕ್ಕಿ, ಬೆಲ್ಲ, ಮೆಣಸಿನಕಾಯಿಗಳನ್ನು ತಂದು ಬೇರೆ ಬೇರೆ ತಿಂದರೆ ಅಡಿಗೆಯನ್ನುಂಡಂತಾಗುವುದಿಲ್ಲ.

ಆದುದರಿಂದ ಬುಟ್ಟಿಯ ಬದಲು ಒಂದು ಪ್ರಶ್ನೆಯನ್ನು ನಡುವೆ ಇಟ್ಟು, ಶಾಸ್ತ್ರಗಳನ್ನು ಅದರ ಸುತ್ತ ಕೂಡಿಸಬೇಕೆಂಬುದು ನಮ್ಮ ಸೂಚನೆ. ಇದು ಹೊಸ ಮಾತಲ್ಲ. ಆಕ್ಸ್‌ಫರ್ಡಿನವರು ೧೯೨೦ರಲ್ಲಿ ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಮೂರನ್ನೂ ಕೂಡಿಸಿ ಒಂದೇ ಪದವಿಯನ್ನು ರಚಿಸಿದರು; ಆ ದೇಶದ ಆಡಳಿತವನ್ನು ನಡೆಸಬೇಕಾದವನಿಗೆ ಏನು ತಿಳಿದಿರಬೇಕೆಂಬುದು ಅದರ ನಡುವಣ ಪ್ರಶ್ನೆ. ಇಂಗ್ಲೆಂಡಿನ ಕೀಲ್ ಎಂಬಲ್ಲಿ ೧೯೫೦ರಲ್ಲಿ ತೆರೆದ ಕಾಲೇಜು, ಕಲೆಯವರೂ ವಿಜ್ಞಾನದವರೂ ಮೊದಲ ವರುಷ ಒಟ್ಟಿಗೆ ಓದತಕ್ಕದ್ದೆಂದು ವಿಧಿಸಿತು. ನಮ್ಮ ದೇಶದಲ್ಲಿಯೇ ರವೀಂದ್ರನಾಥ ಠಾಕೂರರು ೧೯೨೨ರಲ್ಲಿ ಶ್ರೀನಿಕೇತನವನ್ನು ಸ್ಥಾಪಿಸಿ, ಸುತ್ತಲಿನ ಹಳ್ಳಿಗಳ ಮಣ್ಣು, ರೋಗ, ಸಾಲ, ಕಸುಬುಗಳನ್ನು ವಿದ್ಯೆಯ ವಿಷಯವಾಗಿ ಮಾಡಿದರು. ಡಾಕ್ಟರ್ ರಾಧಾಕೃಷ್ಣನ್ ಅವರ ೧೯೪೮-೪೯ರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು ಗ್ರಾಮೀಣ ವಿಶ್ವವಿದ್ಯಾಲಯಗಳು ಬೇಕೆಂದಿತು. ಗದಗಿನಲ್ಲಿ ೨೦೧೬ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವು ಹುಟ್ಟಿತು. ರಾಯಚೂರಿನಲ್ಲಿಯೇ ಪಂಡಿತ ತಾರಾನಾಥರು ೧೯೨೦ರ ದಶಕದಲ್ಲಿ ಹಮ್‌ದರ್ದ್ ಶಾಲೆಯನ್ನು ನಡೆಸಿದರು. ಅವರು ವೈದ್ಯರು, ಸಂಗೀತಗಾರರು, ಪತ್ರಿಕಾಕರ್ತರು. ನಿಜಾಮರ ಆಳ್ವಿಕೆಯಲ್ಲಿ ದೇಶಸೇವೆಗೆ ನಿಂತವರು. ಇವು ನಾಲ್ಕು ಬೇರೆ ಮನುಷ್ಯರ ಕೆಲಸವೆಂದು ಅವರು ಎಂದೂ ಎಣಿಸಲಿಲ್ಲ. ಅವರ ಹೆಸರಿನ ಶಿಕ್ಷಣಸಂಸ್ಥೆಯು ಇರುವ ಊರಿನಲ್ಲಿ ಈ ವಿಚಾರವು ಪರಕೀಯವೆಂದು ಯಾರೂ ಹೇಳಲಾರರು.

ನಮ್ಮ ಮನಸ್ಸಿನಲ್ಲಿರುವ ಪದವಿಯ ರೂಪವು ಹೀಗಿದೆ. ಅದರ ನಡುವಣ ಪ್ರಶ್ನೆ ಒಂದೇ: ಎರಡು ಹೊಳೆಗಳ ನಡುವೆ ಇರುವ ಈ ನಾಡು ಬಡವಾಗಿರುವುದೇಕೆ, ಅದು ಏಳುವುದು ಹೇಗೆ?

ಮೊದಲ ವರುಷ ನೆಲ ಮತ್ತು ನೀರು. ಕಲೆಯವರು, ವಿಜ್ಞಾನದವರು, ವಾಣಿಜ್ಯದವರು ಒಂದೇ ತರಗತಿಯಲ್ಲಿ ಕುಳಿತುಕೊಳ್ಳಲಿ. ಇಬ್ಬರು ಅಧ್ಯಾಪಕರು, ಒಬ್ಬರು ವಿಜ್ಞಾನದವರು, ಒಬ್ಬರು ಸಮಾಜಶಾಸ್ತ್ರಗಳವರು, ಕೂಡಿ ಪಾಠ ಹೇಳಲಿ. ಎರೆ ಮತ್ತು ಮಸಾರಿ ಮಣ್ಣುಗಳ ಗುಣವೇನು, ಮಳೆಯ ಲೆಕ್ಕವನ್ನು ಇಡುವುದು ಹೇಗೆ, ಬಾವಿಯ ನೀರನ್ನು ಪರೀಕ್ಷಿಸುವುದು ಹೇಗೆ, ಪಹಣಿಯನ್ನು ಓದುವುದು ಹೇಗೆ, ಪಂಚಾಯತಿಯ ಆಯವ್ಯಯವನ್ನು ಬಿಡಿಸಿ ನೋಡುವುದು ಹೇಗೆ ಎಂಬುದು ಪಾಠವಾಗಲಿ. ಸಂಖ್ಯಾಶಾಸ್ತ್ರವನ್ನು ಎಲ್ಲರೂ ಕಲಿಯಲಿ. ಸರ್ಕಾರದ ಅಂಕಿಗಳನ್ನು ಕಂಡು ಹೆದರದ ಪದವೀಧರನು ನಮಗೆ ಬೇಕು. ವರುಷದಲ್ಲಿ ಒಂದು ಹಳ್ಳಿಯ ಮನೆಮನೆಯ ಲೆಕ್ಕವನ್ನು ತರಗತಿಯೆಲ್ಲ ಕೂಡಿ ಬರೆಯಲಿ. ಹಳ್ಳಿಯು ತಾಲ್ಲೂಕಿನೊಳಗೆಯೇ ಇರಲಿ. ಹೆಣ್ಣುಮಕ್ಕಳು ಬೆಳಿಗ್ಗೆ ಹೋಗಿ ಸಂಜೆಗೆ ಬಸ್ಸಿನಲ್ಲಿ ಮನೆಗೆ ಹಿಂದಿರುಗುವಂತಿರಬೇಕು. ಇಲ್ಲವಾದರೆ ತಂದೆತಾಯಿಗಳು ಕಳುಹಿಸಲಾರರು. ಕಾಗದದ ಮೇಲಿನ ಸಮಾನತೆಯಿಂದ ಅವರ ಭಯವು ಹೋಗದು.

ಎರಡನೆಯ ವರುಷ ಪ್ರತಿಯೊಬ್ಬನೂ ಒಂದು ಶಾಸ್ತ್ರವನ್ನು ಹಿಡಿದು ಆಳಕ್ಕೆ ಇಳಿಯಲಿ: ರಸಾಯನ, ಸಸ್ಯಶಾಸ್ತ್ರ, ಅರ್ಥಶಾಸ್ತ್ರ, ಇತಿಹಾಸ, ಹೀಗೆ ಆ ಕಾಲೇಜಿನಲ್ಲಿ ಯಾವುದಕ್ಕೆ ಅಧ್ಯಾಪಕರಿರುವರೋ ಅದು. ಮೂರು ವರುಷಗಳ ಓದಿನಲ್ಲಿ ಅರ್ಧಕ್ಕೆ ಕಡಮೆಯಾಗದಷ್ಟು ಭಾಗವು ಈ ಒಂದು ಶಾಸ್ತ್ರಕ್ಕೆ ಮೀಸಲಾಗಬೇಕು. ಉಳಿದ ಭಾಗವು ನಡುವಣ ಪ್ರಶ್ನೆಗೆ. ಮೂರನೆಯ ವರುಷ ಮೂರು ನಾಲ್ಕು ಮಂದಿ, ಬೇರೆ ಬೇರೆ ಶಾಸ್ತ್ರಗಳನ್ನು ಓದಿದವರು, ಒಂದು ತಂಡವಾಗಿ ತಾಲ್ಲೂಕಿನ ಒಂದು ಸಂಕಟವನ್ನು ಎತ್ತಿಕೊಳ್ಳಲಿ: ಇಂಥ ಉಪಕಾಲುವೆಯ ಕೊನೆಗೆ ನೀರು ಏಕೆ ತಲುಪದು, ಇಂಥ ತಾಂಡಾದ ಮಕ್ಕಳ ತೂಕವೇಕೆ ಏರದು. ಅದರ ವರದಿಯನ್ನು ಕನ್ನಡದಲ್ಲಿ ಬರೆದು, ಆ ಊರಿನ ಜನರ ಮತ್ತು ತಾಲ್ಲೂಕಿನ ಅಧಿಕಾರಿಗಳ ಮುಂದೆ ಓದಲಿ. ಊರವರು, ಇದು ಸುಳ್ಳು, ಎಂದರೆ ತಿದ್ದಿಕೊಳ್ಳಲಿ. ಇಂಥ ಪರೀಕ್ಷೆಗೆ ಕಳ್ಳಚೀಟಿಯ ಭಯವಿಲ್ಲ.

ಈ ರಚನೆಗೆ ಐವತ್ತು ವಿಭಾಗಗಳು ಬೇಕಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ನಾಲ್ಕು ಮಂದಿ ಅಧ್ಯಾಪಕರು ಒಂದೇ ಪ್ರಶ್ನೆಯ ನಾಲ್ಕು ಮೂಲೆಗಳನ್ನು ಹಿಡಿದರೆ ಕೆಲಸವು ನಡೆಯುತ್ತದೆ. ಬುಟ್ಟಿಯ ಕ್ರಮವು ಬಡ ಕಾಲೇಜಿನಲ್ಲಿ ಬಡವಾಗುತ್ತದೆ. ಪ್ರಶ್ನೆಯ ಕ್ರಮಕ್ಕೆ ಕಾಲೇಜಿನ ಹೊರಗಿನ ಹೊಲ, ಕಾಲುವೆ, ಸಂತೆ, ಕೋಟೆ ಎಲ್ಲವೂ ಪ್ರಯೋಗಶಾಲೆಯಾಗುತ್ತದೆ. ರಾಯಚೂರಿನ ಕೋಟೆಯ ಗೋಡೆಯಲ್ಲಿ ೧೨೯೪ರ ಶಾಸನವನ್ನು ಹೊತ್ತ, ಸುಮಾರು ೪೧ ಅಡಿ ಉದ್ದದ ಒಂದೇ ಕಲ್ಲು ಇದೆ. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆದುತಂದ ಚಿತ್ರವನ್ನೂ ಅಲ್ಲಿಯೇ ಕಡೆದಿದ್ದಾರೆ. ಭೌತಶಾಸ್ತ್ರದ ಅಧ್ಯಾಪಕರು ಆ ಕಲ್ಲಿನ ಭಾರವನ್ನು ಲೆಕ್ಕಹಾಕಿಸಲಿ, ಇತಿಹಾಸದವರು ಅದನ್ನು ಎಳೆಸಿದವರ ಕಾಲವನ್ನು ಹೇಳಲಿ. ಇದಕ್ಕೆ ಅನುದಾನ ಬೇಕಿಲ್ಲ. ನಡೆದುಹೋಗಲು ಕಾಲು ಬೇಕು.

ಪ್ರಯೋಗಶಾಲೆಯ ಅವಶ್ಯಕತೆ ಬಿದ್ದಲ್ಲಿಯೂ ನಾವು ಕೈಚೆಲ್ಲಬೇಕಾಗಿಲ್ಲ. ೨೦೦೮-೦೯ರಲ್ಲಿ ಸ್ಥಾಪಿತವಾದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು ರಾಯಚೂರಿನಲ್ಲಿಯೇ ಇದೆ. ಮಣ್ಣನ್ನು ಪರೀಕ್ಷಿಸಬಲ್ಲವರು ಅಲ್ಲಿದ್ದಾರೆ. ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ೨೦೧೯ರಲ್ಲಿ ಆರಂಭವಾದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಿದೆ. ನಕ್ಷೆಯನ್ನೂ ಗಣಕವನ್ನೂ ಬಲ್ಲವರು ಅಲ್ಲಿದ್ದಾರೆ. ಒಂದು ಸಂಸ್ಥೆ ಕೃಷಿ ಇಲಾಖೆಯ ಕೈಯಲ್ಲಿ, ಒಂದು ವೈದ್ಯಕೀಯ ಶಿಕ್ಷಣದ ಕೈಯಲ್ಲಿ, ಒಂದು ಕೇಂದ್ರದ ಕೈಯಲ್ಲಿ, ವಿಶ್ವವಿದ್ಯಾಲಯವು ಉಚ್ಚ ಶಿಕ್ಷಣ ಇಲಾಖೆಯ ಕೈಯಲ್ಲಿ. ಒಂದೇ ಊರಿನ ನಾಲ್ಕು ಮನೆಯವರು ಒಬ್ಬರ ಬಾವಿಯಿಂದ ಒಬ್ಬರು ನೀರು ಸೇದದಂತೆ ಇದ್ದಾರೆ. ಐಐಟಿಯು ತಪ್ಪಿದುದಕ್ಕೆ ನಮ್ಮ ಜನರು ನೊಂದರು. ಏಮ್ಸ್ ಸಂಸ್ಥೆಗಾಗಿ ೨೦೨೨ರಿಂದ ಸಾವಿರ ದಿನಗಳಿಗೂ ಮೀರಿ ಧರಣಿ ಕುಳಿತರು. ಆ ಬೇಡಿಕೆಗಳು ನ್ಯಾಯವಾದುವು. ಆದರೆ ಇರುವ ನಾಲ್ಕು ಸಂಸ್ಥೆಗಳ ಬಾಗಿಲುಗಳನ್ನು ಪರಸ್ಪರ ತೆರೆಯಿಸುವುದಕ್ಕೆ ದಿಲ್ಲಿಯ ಅಪ್ಪಣೆ ಬೇಕಾಗಿಲ್ಲ. ನಾಲ್ವರು ಮುಖ್ಯಸ್ಥರು ಒಂದು ಮೇಜಿನ ಸುತ್ತ ಕುಳಿತರೆ ಸಾಕು.

ಈ ವಿಚಾರಕ್ಕೆ ಬರುವ ಆಕ್ಷೇಪಣೆಗಳನ್ನು ನಾವು ಹಗುರವಾಗಿ ತಳ್ಳುವುದಿಲ್ಲ. ಎಲ್ಲವನ್ನೂ ಅಷ್ಟಿಷ್ಟು ಬಲ್ಲವನು ಯಾವುದನ್ನೂ ಸರಿಯಾಗಿ ಬಲ್ಲವನಲ್ಲವೆಂಬುದು ಮೊದಲನೆಯದು. ಇದು ನಿಜ, ಆ ಕಾರಣದಿಂದಲೇ ಅರ್ಧ ಭಾಗವನ್ನು ಒಂದು ಶಾಸ್ತ್ರದ ಆಳಕ್ಕೆ
ಮೀಸಲಿಡಬೇಕೆಂದೆವು. ಬೇರಿಲ್ಲದ ಗಿಡಕ್ಕೆ ಕೊಂಬೆಗಳು ಎಷ್ಟಿದ್ದರೇನು?

ಎರಡನೆಯದು ಉದ್ಯೋಗದ ಪ್ರಶ್ನೆ, ಮತ್ತು ಇದೇ ಎಲ್ಲಕ್ಕಿಂತ ಗುರುತರವಾದುದು. ಮಹಾನಗರದ ಸಿರಿವಂತರ ಮಗನು ಹೊಸ ಹೆಸರಿನ ಪದವಿಯನ್ನು ಪಡೆದು, ಅದು ನಡೆಯದಿದ್ದರೆ ಇನ್ನೊಂದನ್ನು ಪಡೆಯುವನು. ದೇವದುರ್ಗದ ಕೂಲಿಯವಳ ಮಗಳು ಮನೆತನದಲ್ಲಿಯೇ ಮೊದಲನೆಯ ಪದವೀಧರೆ. ಅವಳ ಮೂರು ವರುಷಗಳ ಮೇಲೆ ಇಡೀ ಮನೆಯು ಪಣವನ್ನೊಡ್ಡಿದೆ. ಶಿಕ್ಷಕಿಯಾಗಲು ಅರ್ಜಿ ಹಾಕಿದಾಗ, ನೀನು ಓದಿದ ವಿಷಯವು ನಮ್ಮ ಪಟ್ಟಿಯಲ್ಲಿಲ್ಲ ಎಂದು ಗುಮಾಸ್ತನು ಅರ್ಜಿಯನ್ನು ಹಿಂದಕ್ಕೆ ತಳ್ಳಿದರೆ, ನಮ್ಮ ಸುಂದರ ಯೋಜನೆಯ ದಂಡವನ್ನು ಅವಳು ತೆರುತ್ತಾಳೆ. ವಿಶ್ವವಿದ್ಯಾಲಯ ಅನುದಾನ ಆಯೋಗದ ೧೯೫೬ರ ಕಾಯಿದೆಯ ೨೨ನೆಯ ಪ್ರಕರಣದ ಮೇರೆಗೆ ಪದವಿಗಳ ಹೆಸರುಗಳು ಗೊತ್ತಾದವುಗಳಾಗಿರಬೇಕು. ಶಿಕ್ಷಕರ ನೇಮಕದಲ್ಲಿ ಇಂಥಿಂಥ ವಿಷಯಗಳನ್ನು ಪದವಿಯಲ್ಲಿ ಓದಿರಬೇಕೆಂಬ ನಿಯಮಗಳಿವೆ. ಆದುದರಿಂದ ಪದವಿಯ ಹೆಸರು ಬಿ.ಎ., ಬಿ.ಎಸ್ಸಿ., ಬಿ.ಕಾಂ. ಎಂದೇ ಇರಲಿ. ಅಂಕಪಟ್ಟಿಯಲ್ಲಿ ಅವಳ ಮುಖ್ಯ ಶಾಸ್ತ್ರವು ಎಲ್ಲರಿಗೂ ತಿಳಿಯುವ ಹೆಸರಿನಲ್ಲಿರಲಿ. ಮೊದಲ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುವುದಕ್ಕೆ ಮುಂಚೆಯೇ, ಈ ಪದವಿಯು ಬಿ.ಎಡ್. ಪ್ರವೇಶಕ್ಕೂ ಶಿಕ್ಷಕರ ನೇಮಕಕ್ಕೂ ಉನ್ನತ ವ್ಯಾಸಂಗಕ್ಕೂ ಸಲ್ಲುತ್ತದೆಯೆಂಬ ಲಿಖಿತ ಆದೇಶವನ್ನು ಸರ್ಕಾರದಿಂದ ಪಡೆಯತಕ್ಕದ್ದು. ಆದೇಶವು ಬರದಿದ್ದರೆ ಪದವಿಯನ್ನು ಆರಂಭಿಸಲೇಬಾರದು. ಬಡವರ ಮಕ್ಕಳ ಮೇಲೆ ಪ್ರಯೋಗ ಮಾಡುವ ಹಕ್ಕು ಯಾವ ವಿಶ್ವವಿದ್ಯಾಲಯಕ್ಕೂ ಇಲ್ಲ.

ಮೂರನೆಯದು ಭಾಷೆಯ ಮಾತು. ಇಷ್ಟು ಶಾಸ್ತ್ರಗಳನ್ನು ಕನ್ನಡದಲ್ಲಿ ಕೂಡಿಸಿ ಹೇಳಲು ಸಾಧ್ಯವೇ ಎಂದು ಕೇಳುವರು. ನಮ್ಮ ಸೀಮೆಯವರು ಈ ಪ್ರಶ್ನೆಯನ್ನು ಕೇಳುವುದು ಸೋಜಿಗ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯವು ೧೯೧೮ರಲ್ಲಿಯೇ ಉರ್ದುವಿನಲ್ಲಿ ಉಚ್ಚ ಶಿಕ್ಷಣವನ್ನು ಆರಂಭಿಸಿ, ಗ್ರಂಥಗಳಿಗಾಗಿ ಭಾಷಾಂತರದ ಸಂಸ್ಥೆಯನ್ನೇ ಕಟ್ಟಿತು. ಕನ್ನಡಿಗರಿಗೆ ಅದು ಪರಭಾಷೆಯಾಗಿದ್ದುದು ಬೇರೆ ಮಾತು. ದೇಶಭಾಷೆಯಲ್ಲಿ ವಿಜ್ಞಾನವನ್ನು ಹೇಳಬಹುದೆಂಬುದು ಅಲ್ಲಿ ಸಿದ್ಧವಾಯಿತು. ಅದಕ್ಕೂ ಬಹಳ ಹಿಂದೆ, ಮಾನ್ವಿ ಸೀಮೆಯ ಚೀಕಲಪರವಿಯ ವಿಜಯದಾಸರು, ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಶಾಸ್ತ್ರವನ್ನು ಕನ್ನಡಕ್ಕೆ ಇಳಿಸಿದರು. ಸಂಸ್ಕೃತದ ಗಹನವಾದ ವೇದಾಂತವು ಜಗನ್ನಾಥದಾಸರ ಹರಿಕಥಾಮೃತಸಾರದಲ್ಲಿ ಕನ್ನಡ ಷಟ್ಪದಿಯಾಗಿ ಮನೆಮನೆಯ ಬಾಯಲ್ಲಿ ನಿಂತಿತು. ವೇದಾಂತವನ್ನು ಹೊತ್ತ ಮಾನ್ವಿಯ ಕನ್ನಡವು ಮಣ್ಣಿನ ಉಪ್ಪಿನ ಲೆಕ್ಕವನ್ನು ಹೊರಲಾರದೇ? ಇಂಗ್ಲಿಷನ್ನು ನಾವು ಬೇಡವೆನ್ನುವುದಿಲ್ಲ. ಗ್ರಂಥಗಳನ್ನು ಓದುವಷ್ಟು ಇಂಗ್ಲಿಷು ಎಲ್ಲರಿಗೂ ಬರಲಿ. ಯೋಚನೆಯು ಕನ್ನಡದಲ್ಲಿ ನಡೆಯಲಿ, ಏಕೆಂದರೆ ಉತ್ತರವನ್ನು ಕೇಳಬೇಕಾದ ರೈತನು ಕನ್ನಡದವನು.

ನಾಲ್ಕನೆಯದು ಅಧ್ಯಾಪಕರದು. ಇದಕ್ಕೆ ನಮ್ಮ ಬಳಿ ಸುಲಭವಾದ ಸಮಾಧಾನವಿಲ್ಲ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಬೆನ್ನಿನ ಮೇಲೆ ನಡೆದುಬಂದಿವೆ. ಬರುವ ವರುಷ ತಾನು ಇಲ್ಲಿ ಇರುವೆನೋ ಇಲ್ಲವೋ ಎಂದು ತಿಳಿಯದವನು ಒಂದು ಹಳ್ಳಿಯನ್ನು ಮೂರು ವರುಷ ಹಿಂಬಾಲಿಸಲಾರನು. ಇನ್ನೊಬ್ಬ ಅಧ್ಯಾಪಕನೊಡನೆ ಕೂಡಿ ಪಾಠವನ್ನು ಹೆಣೆಯಲಾರನು. ಪಠ್ಯಕ್ರಮವನ್ನು ಯರಗೇರಾದಲ್ಲಿ ಎಷ್ಟೇ ಚೆನ್ನಾಗಿ ರಚಿಸಿದರೂ ಅದು ಜೀವ ತಳೆಯಬೇಕಾದುದು ದೇವದುರ್ಗ ಮಾನ್ವಿಗಳ ಕಾಲೇಜುಗಳಲ್ಲಿ. ಆದುದರಿಂದ ಆರಂಭಕ್ಕೆ ಎರಡೇ ಕಾಲೇಜುಗಳು, ಕಾಲೇಜಿಗೆ ನಲವತ್ತು ವಿದ್ಯಾರ್ಥಿಗಳು, ಮತ್ತು ಕನಿಷ್ಠ ನಾಲ್ಕು ಮಂದಿ ಖಾಯಂ ಅಧ್ಯಾಪಕರು ಎಂದು ಕಟ್ಟುಮಾಡಬೇಕು. ಖಾಯಂ ಹುದ್ದೆಗಳನ್ನು ತುಂಬದೆ ಪದವಿಯನ್ನು ಸಾರುವುದು ಬೀಜವಿಲ್ಲದೆ ಕೂರಿಗೆ ಹೂಡಿದಂತೆ. ಸಂವಿಧಾನದ ೩೭೧(ಜೆ) ವಿಧಿಯು ೨೦೧೩ರಿಂದ ಈ ಸೀಮೆಗೆ ಶಿಕ್ಷಣದಲ್ಲಿಯೂ ನೇಮಕದಲ್ಲಿಯೂ ವಿಶೇಷ ಅವಕಾಶವನ್ನು ಕೊಟ್ಟಿದೆ. ಅದರ ಬಲದಿಂದ ಎಂಟು ಹುದ್ದೆಗಳನ್ನು ತುಂಬುವುದು ಸರ್ಕಾರಕ್ಕೆ ಭಾರವೆಂದು ಯಾರಾದರೂ ಹೇಳಿದರೆ ನಾವು ನಂಬುವುದಿಲ್ಲ.

ಈ ಪತ್ರಿಕೆಯನ್ನೋದುವ ಅಧಿಕಾರಿ ಮಹಾಶಯರಲ್ಲಿ ಒಂದು ವಿಜ್ಞಾಪನೆ. ತಾಲ್ಲೂಕಿನ ಕಚೇರಿಯಲ್ಲಿ ನೀರಾವರಿಯ ಕಡತ ಒಂದು ಕೋಣೆಯಲ್ಲಿ, ಆರೋಗ್ಯದ ಕಡತ ಇನ್ನೊಂದರಲ್ಲಿ, ಶಾಲೆಯದು ಮತ್ತೊಂದರಲ್ಲಿ ಇರುವುದನ್ನು ತಾವು ದಿನವೂ ಕಾಣುತ್ತೀರಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಈ ಕಷ್ಟವನ್ನು ತಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಆ ಕಡತಗಳನ್ನು ಕೂಡಿಸಿ ಓದಬಲ್ಲ ತರುಣರು ತಮ್ಮ ಕೈಕೆಳಗೆ ಬರಬೇಕಾದರೆ, ಇಂದು ತಮ್ಮ ಕಚೇರಿಯ ಬಾಗಿಲನ್ನು ವಿದ್ಯಾರ್ಥಿಗಳಿಗೆ ತೆರೆಯಬೇಕು, ಅಂಕಿಗಳನ್ನು ಬಚ್ಚಿಡದೆ ಕೊಡಬೇಕು, ಅವರ ವರದಿಯು ಓದಲ್ಪಡುವ ದಿನ ಎದುರಿಗೆ ಕುಳಿತು ಕೇಳಬೇಕು. ಪುರವಾಸಿಗಳಲ್ಲಿಯೂ ಒಂದು ಮಾತು. ಮಗನು ಎಂಜಿನಿಯರನಾಗದಿದ್ದರೆ ಬಿ.ಎ. ಓದಲಿ ಎಂಬ ತಾತ್ಸಾರದಿಂದ ನಾವು ಪದವಿ ಕಾಲೇಜುಗಳನ್ನು ಮಲಮಕ್ಕಳಂತೆ ಕಂಡಿದ್ದೇವೆ. ಮಾನ್ವಿಯ ನೀರನ್ನೂ ದೇವದುರ್ಗದ ಕೂಸನ್ನೂ ಕಾಯಬೇಕಾದ ವಿದ್ಯೆಯು ಆ ಕಾಲೇಜುಗಳಲ್ಲಿಯೇ ಹುಟ್ಟಬೇಕಾಗಿದೆ.

ಪದವಿಯು ಮೂರು ವರುಷದ್ದಾಗಲಿ, ನಾಲ್ಕು ವರುಷದ್ದಾಗಲಿ. ಆಯೋಗಗಳು ಬಂದು ಹೋಗಲಿ. ನಮ್ಮ ವಿಶ್ವವಿದ್ಯಾಲಯವು ತನ್ನ ನೆಲದ ಪ್ರಶ್ನೆಯನ್ನು ತಾನೇ ಕೇಳುವ ಧೈರ್ಯವನ್ನು ತೋರಲಿ. ಲಿಖಿತ ಆದೇಶ, ಎರಡು ಕಾಲೇಜು, ಎಂಟು ಅಧ್ಯಾಪಕರು, ಎಂಬತ್ತು ವಿದ್ಯಾರ್ಥಿಗಳು: ನಾವು ಬೇಡುವುದು ಇಷ್ಟೇ. ಇಷ್ಟನ್ನು ಕೊಡಿಸುವುದು ಈ ಎರಡು ಜಿಲ್ಲೆಗಳ ಜನಪ್ರತಿನಿಧಿಗಳ ಕರ್ತವ್ಯ. ಕೊಡಿಸಿದರೋ ಇಲ್ಲವೋ ಎಂದು ಕೇಳುತ್ತಿರುವುದು ನಮ್ಮ ನಿಮ್ಮೆಲ್ಲರ ಕರ್ತವ್ಯ.